ನೆಟ್‌ವರ್ಕ್ ಮಾನಿಟರಿಂಗ್: ಡಿಸ್ಕ್‌ನ ಗಾತ್ರಕ್ಕಿಂತ ಮೊದಲು ವೇಗ ಕೇಳಿ

ಮಾನ್ಯ ಸಂಪಾದಕರೇ,

ದೊಡ್ಡ ನೆಟ್‌ವರ್ಕ್‌ಗಳ ಮೇಲೆ ನಿಗಾ ಇಡುವ ವ್ಯವಸ್ಥೆಗಳ ಕುರಿತು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ನೆಟ್‌ವರ್ಕ್ ನಿರ್ವಹಣೆ ಸುದ್ದಿಯಾಗುವುದು ಸಾಮಾನ್ಯವಾಗಿ ಅದು ಕೈಕೊಟ್ಟಾಗ ಮಾತ್ರ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಅದಕ್ಕೆ ಜಾಗ ಕೊಟ್ಟಿದ್ದಕ್ಕೆ ಕೃತಜ್ಞತೆಗಳು. ಆದರೆ ಡಿಸ್ಕ್ ಈಗ ಅಗ್ಗವಾಗಿರುವುದರಿಂದ ಮಾಹಿತಿ ಸಂಗ್ರಹ ಇನ್ನು ಸಮಸ್ಯೆಯೇ ಅಲ್ಲ ಎಂದು ಅದರಲ್ಲಿ ಹೇಳಿರುವ ಮಾತನ್ನು ಒಪ್ಪುವುದು ಕಷ್ಟ. ಅಗ್ಗವಾಗಿರುವುದು ಡಿಸ್ಕ್‌ನ ಜಾಗ. ಮಾನಿಟರಿಂಗ್ ಸರ್ವರ್‌ಗಳು ಜಾಗ ತುಂಬಿ ನಿಲ್ಲುವುದಕ್ಕಿಂತ ಬಹಳ ಮೊದಲೇ, ಸೆಕೆಂಡಿಗೆ ನೂರಾರು ಕಡೆ ಚದುರಿದ ಚಿಕ್ಕ ಚಿಕ್ಕ ತುಣುಕುಗಳನ್ನು ಬರೆಯಲಾಗದೆ ಏದುಸಿರು ಬಿಡುತ್ತವೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಆ ವ್ಯತ್ಯಾಸವನ್ನು ಸ್ವಲ್ಪ ವಿವರವಾಗಿ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ಒಂದು ಲೆಕ್ಕದಿಂದ ಆರಂಭಿಸುವುದು ಸುಲಭ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ, ತಲಾ 48 ಪೋರ್ಟ್‌ಗಳ (ಕೇಬಲ್ ಸಿಕ್ಕಿಸುವ ಕಿಂಡಿಗಳ) 2,000 ಸ್ವಿಚ್‌ಗಳಿರುವ ನೆಟ್‌ವರ್ಕ್‌ನಲ್ಲಿ 96,000 ಪೋರ್ಟ್‌ಗಳಿರುತ್ತವೆ. ಪ್ರತಿ ಪೋರ್ಟ್‌ನಿಂದ ಒಳಬಂದ ಬೈಟ್‌ಗಳು, ಹೊರಹೋದ ಬೈಟ್‌ಗಳು, ಪ್ಯಾಕೆಟ್‌ಗಳು, ದೋಷಗಳು, ಕೈಬಿಟ್ಟ ಪ್ಯಾಕೆಟ್‌ಗಳು ಹೀಗೆ ಎಂಟು ಎಣಿಕೆಗಳನ್ನು ಐದು ನಿಮಿಷಕ್ಕೊಮ್ಮೆ ಎಸ್‌ಎನ್‌ಎಂಪಿ ಎಂಬ ನೆಟ್‌ವರ್ಕ್ ನಿರ್ವಹಣಾ ಪದ್ಧತಿಯ ಮೂಲಕ ಕೇಳಿ ಪಡೆಯಲಾಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಎಣಿಕೆಗೆ 8 ಬೈಟ್ ಎಂದರೆ ಪೋರ್ಟೊಂದಕ್ಕೆ 64 ಬೈಟ್. 96,000 ಪೋರ್ಟ್‌ಗಳನ್ನು 300 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ 320 ಪೋರ್ಟ್‌ಗಳ ಸರದಿ ಬರುತ್ತದೆ. ಉಳಿಸಬೇಕಾದ ನಿಜವಾದ ಮಾಹಿತಿ ಸೆಕೆಂಡಿಗೆ ಸುಮಾರು 20 ಕಿಲೋಬೈಟ್. ಸಾಲಾಗಿ ಬರೆಯುವಾಗ ಸೆಕೆಂಡಿಗೆ ನೂರು ಮೆಗಾಬೈಟ್‌ಗೂ ಹೆಚ್ಚು ಬರೆಯಬಲ್ಲ ಸಾಧಾರಣ ಹಾರ್ಡ್ ಡಿಸ್ಕ್‌ಗೆ ಇದು ಲೆಕ್ಕಕ್ಕೇ ಇಲ್ಲದ ಹೊರೆ ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಸ್ತವದಲ್ಲಿ ಒಂದೇ ಡಿಸ್ಕ್ ಈ ಹೊರೆಯನ್ನು ಹೊರಲಾರದು.

ಕಾರಣ ತಿಳಿಯಬೇಕಾದರೆ ಈ ಮಾಹಿತಿ ಡಿಸ್ಕ್‌ನಲ್ಲಿ ಹೇಗೆ ಕೂರುತ್ತದೆ ಎಂಬುದನ್ನು ನೋಡಬೇಕು. ಟೋಬಿಯಾಸ್ ಓಟಿಕರ್ ಅವರು 1995ರಲ್ಲಿ ಎಂಆರ್‌ಟಿಜಿಯನ್ನೂ 1999ರಲ್ಲಿ ಆರ್‌ಆರ್‌ಡಿಟೂಲನ್ನೂ ಹೊರತಂದರು; ಎರಡೂ ಇಂಥ ಎಣಿಕೆಗಳನ್ನು ಉಳಿಸಿ ಗ್ರಾಫ್ ಬಿಡಿಸುವ ತಂತ್ರಾಂಶಗಳು. ನೆಟ್‌ವರ್ಕ್ ಗ್ರಾಫ್ ಎಂದೊಡನೆ ನಮ್ಮ ಕಣ್ಣಿಗೆ ಬರುವ ಹಸಿರು ಬಣ್ಣದ ಚಿತ್ರಗಳ ಮೂಲ ಇವೇ. ಆರ್‌ಆರ್‌ಡಿಟೂಲ್‌ನ ಉಪಾಯ ಸೊಗಸಾದದ್ದು. ಫೈಲಿನ ಗಾತ್ರ ಮೊದಲೇ ನಿಗದಿಯಾಗಿರುತ್ತದೆ, ಹೊಸ ಮೌಲ್ಯ ಬಂದಾಗ ಅತ್ಯಂತ ಹಳೆಯದರ ಜಾಗದಲ್ಲಿ ಅದು ಕೂರುತ್ತದೆ, ಹಳೆಯ ಮಾಹಿತಿ ಅರ್ಧ ಗಂಟೆ, ಎರಡು ಗಂಟೆ, ಒಂದು ದಿನದ ಸರಾಸರಿಗಳಾಗಿ ಸಾಂದ್ರಗೊಳ್ಳುತ್ತದೆ. ಹಾಗಾಗಿ ಡಿಸ್ಕ್ ಎಂದೂ ತುಂಬುವುದಿಲ್ಲ. ಆದರೆ ರೂಢಿಯಲ್ಲಿ ಪೋರ್ಟೊಂದಕ್ಕೆ ಕನಿಷ್ಠ ಒಂದು ಫೈಲ್ ಇರುತ್ತದೆ. ಪ್ರತಿ ಸಲವೂ ಫೈಲಿನ ಆರಂಭದಲ್ಲಿರುವ ತಲೆಬರಹದ ಭಾಗವನ್ನು ತಿದ್ದಬೇಕು, ಮೌಲ್ಯ ಕೂರುವ ಜಾಗವನ್ನೂ ತಿದ್ದಬೇಕು. ಒಂದು ಲಕ್ಷ ಖಾತೆ ಪುಸ್ತಕಗಳಿರುವ ಕೋಣೆಯಲ್ಲಿ ಕುಳಿತ ಗುಮಾಸ್ತ ಐದೈದು ನಿಮಿಷಕ್ಕೂ ಪ್ರತಿಯೊಂದು ಪುಸ್ತಕದಲ್ಲಿ ಒಂದೊಂದು ಸಾಲು ಬರೆಯಬೇಕಾದರೆ ಅವನ ಹೊತ್ತೆಲ್ಲ ಪುಸ್ತಕ ಹುಡುಕಿ ತೆರೆಯುವುದರಲ್ಲೇ ಕಳೆಯುತ್ತದೆ. ಡಿಸ್ಕ್‌ನ ಪಾಡೂ ಅದೇ.

ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ ಓದಿ ಬರೆಯುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4.2 ಮಿಲಿಸೆಕೆಂಡ್ ಕಾಯಬೇಕು. ಆ ತಲೆಯನ್ನು ಹೊತ್ತ ತೋಳು ಸರಿಯಾದ ಪಥಕ್ಕೆ ಸರಿಯಲು ಇನ್ನೂ ಎಂಟೊಂಬತ್ತು ಮಿಲಿಸೆಕೆಂಡ್ ಬೇಕು. ಒಟ್ಟಿನಲ್ಲಿ ಅಂಥ ಡಿಸ್ಕ್ ಸೆಕೆಂಡಿಗೆ ಮಾಡಬಲ್ಲ ಚದುರಿದ ಕೆಲಸಗಳು ಸುಮಾರು 80. ಸರದಿಯನ್ನು ಜಾಣತನದಿಂದ ಜೋಡಿಸಿದರೆ ಸ್ವಲ್ಪ ಹೆಚ್ಚಬಹುದು, ಅಷ್ಟೇ. ನಮ್ಮ ಉದಾಹರಣೆಯಲ್ಲಿ ಸೆಕೆಂಡಿಗೆ 320 ಫೈಲುಗಳು, ಫೈಲಿಗೆ ಎರಡರಂತೆ 640 ರೈಟ್‌ಗಳು (ಬರೆಯುವ ಕೆಲಸಗಳು). ಎಂಟು ಡಿಸ್ಕ್‌ಗಳು ಪೂರ್ತಿ ಇದಕ್ಕೇ ಬೇಕಾದವು. ಒಂದು ಡಿಸ್ಕ್ ಕೆಟ್ಟರೂ ಮಾಹಿತಿ ಉಳಿಯುವಂತೆ ಅವನ್ನು ರೇಡ್ 5 ಎಂಬ ಕ್ರಮದಲ್ಲಿ ಜೋಡಿಸಿದರೆ ಪ್ರತಿ ಸಣ್ಣ ರೈಟ್‌ಗೂ ಹಳೆಯ ಮಾಹಿತಿ ಮತ್ತು ಹಳೆಯ ಪ್ಯಾರಿಟಿಯನ್ನು (ಕಳೆದದ್ದನ್ನು ಮರಳಿ ಪಡೆಯಲು ಇಡುವ ಲೆಕ್ಕವನ್ನು) ಓದಿ, ಹೊಸದಾಗಿ ಎರಡನ್ನೂ ಬರೆಯಬೇಕಾಗುವುದರಿಂದ 640 ಎನ್ನುವುದು 2,560 ಆಗುತ್ತದೆ, ಎಂಟು ಡಿಸ್ಕ್ ಮೂವತ್ತೆರಡಾಗುತ್ತದೆ. ಎಲ್ಲವನ್ನೂ ಎರಡು ಡಿಸ್ಕ್‌ಗಳಲ್ಲಿ ಬರೆದಿಡುವ ರೇಡ್ 10ರಲ್ಲಿ ಈ ದಂಡ ಎರಡು ಪಟ್ಟಿಗೇ ನಿಲ್ಲುತ್ತದೆ. ಮಾನಿಟರಿಂಗ್ ಸರ್ವರ್‌ಗೆ ಜಾಗ ಉಳಿಯುತ್ತದೆಂಬ ಕಾರಣಕ್ಕೆ ರೇಡ್ 5 ಶಿಫಾರಸು ಮಾಡುವವರು ಈ ಗುಣಾಕಾರವನ್ನು ಒಮ್ಮೆಯಾದರೂ ಕಾಗದದ ಮೇಲೆ ಮಾಡಿ ನೋಡಬೇಕು.

ಇದು ಸರಾಸರಿ ದಿನದ ಮಾತು. ಆರ್‌ಆರ್‌ಡಿ ಫೈಲುಗಳ ಸರಾಸರಿ ಅವಧಿಗಳೆಲ್ಲ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದ ಗಡಿಯಾರಕ್ಕೆ ಹೊಂದಿಕೊಂಡಿರುತ್ತವೆ. ಹಾಗಾಗಿ ಅರ್ಧ ಗಂಟೆಯ ಗಡಿ ದಾಟುವಾಗ ಎಲ್ಲ ಫೈಲುಗಳೂ ಒಟ್ಟಿಗೆ ಇನ್ನೊಂದು ಜಾಗದಲ್ಲಿ ಬರೆಯುತ್ತವೆ, ಎರಡು ಗಂಟೆಯ ಗಡಿಯಲ್ಲಿ ಮತ್ತೊಂದು ಜಾಗದಲ್ಲಿ, ಯುಟಿಸಿ ಮಧ್ಯರಾತ್ರಿಯಲ್ಲಿ ದಿನದ ಸರಾಸರಿಯ ಜಾಗದಲ್ಲೂ ಬರೆಯುತ್ತವೆ. ದಿನಕ್ಕೊಮ್ಮೆ ನಿಗದಿತ ಹೊತ್ತಿಗೆ ಗ್ರಾಫ್‌ಗಳಲ್ಲಿ ಸಣ್ಣ ಬಿರುಕು ಕಾಣಿಸಿ, ನೆಟ್‌ವರ್ಕ್‌ನಲ್ಲೇ ಏನೋ ಆಗುತ್ತಿದೆ ಎಂದು ಸಿಬ್ಬಂದಿ ತಲೆಕೆಡಿಸಿಕೊಳ್ಳುವ ಪ್ರಸಂಗಗಳ ಹಿಂದೆ ಅನೇಕ ಸಲ ಇಷ್ಟೇ ಇರುತ್ತದೆ.

ಬಿರುಕುಗಳ ವಿಚಾರವನ್ನು ಇನ್ನಷ್ಟು ಹೇಳಬೇಕು, ಏಕೆಂದರೆ ಓದುಗರಿಗೆ ಇದು ಕೇವಲ ಯಂತ್ರದ ತೊಂದರೆ ಎನ್ನಿಸಬಾರದು. ಐದು ನಿಮಿಷದ ಅಂತರಕ್ಕೆ ಆರ್‌ಆರ್‌ಡಿಯಲ್ಲಿ ಸಾಮಾನ್ಯವಾಗಿ 600 ಸೆಕೆಂಡುಗಳ ಗಡುವು ಇಟ್ಟಿರುತ್ತಾರೆ. ಅಷ್ಟರೊಳಗೆ ಹೊಸ ಮೌಲ್ಯ ಬರದಿದ್ದರೆ ಆ ಅವಧಿ ಅಜ್ಞಾತ ಎಂದು ದಾಖಲಾಗುತ್ತದೆ. ಗ್ರಾಫ್‌ನಲ್ಲಿ ಖಾಲಿ ಜಾಗ ಕಂಡಾಗ ಸ್ವಿಚ್ ಸತ್ತಿತ್ತೇ, ಕೇಬಲ್ ತುಂಡಾಗಿತ್ತೇ, ಅಥವಾ ಡಿಸ್ಕ್ ತಡಮಾಡಿತೇ ಎಂದು ಆ ಗ್ರಾಫ್ ನೋಡಿ ಹೇಳಲಾಗದು. ಖಾಲಿ ಜಾಗಕ್ಕಿಂತ ಕೆಟ್ಟದ್ದು ಸುಳ್ಳು ಅಂಕಿ. ಎಣಿಕೆಯನ್ನು ಅಳೆದ ಸಮಯದ ಬದಲು ಬರೆಯುವ ಸಮಯವನ್ನೇ ಹಚ್ಚುವ ಸ್ಕ್ರಿಪ್ಟ್‌ಗಳು ಇಂದಿಗೂ ಬಳಕೆಯಲ್ಲಿವೆ. ಅಂಥ ಕಡೆ ಒಂದು ಮೌಲ್ಯ ಬರೆಯುವ ಸರದಿಯಲ್ಲಿ 100 ಸೆಕೆಂಡ್ ಕಾದು, ಮುಂದಿನದು ಸಮಯಕ್ಕೆ ಸರಿಯಾಗಿ ಬಂದಿತೆನ್ನಿ. ಆಗ 300 ಸೆಕೆಂಡುಗಳಲ್ಲಿ ಹರಿದ ದತ್ತಾಂಶವನ್ನು 200 ಸೆಕೆಂಡುಗಳಿಂದ ಭಾಗಿಸಿದಂತಾಗಿ, ಲಿಂಕ್‌ನ ಬಳಕೆ ಒಂದೂವರೆ ಪಟ್ಟಾಗಿ ಕಾಣುತ್ತದೆ. ಅದಕ್ಕೆ ಹಿಂದಿನ ಅವಧಿಯ ಬಳಕೆ ಮುಕ್ಕಾಲಿಗೆ ಇಳಿದಂತೆ ಕಾಣುತ್ತದೆ. ಆ ಶಿಖರವನ್ನು ನಂಬಿ ಹೆಚ್ಚಿನ ಸಾಮರ್ಥ್ಯದ ಲಿಂಕ್ ಕೊಳ್ಳುವವರೂ ಇದ್ದಾರೆ! ಡಿಸ್ಕ್‌ನ ತಡ ಇಲ್ಲಿ ಹಣಕಾಸಿನ ನಿರ್ಧಾರಕ್ಕೇ ತಲುಪಿತು.

ಆಪರೇಟಿಂಗ್ ಸಿಸ್ಟಮ್ ತಾನೇ ಮೆಮರಿಯಲ್ಲಿ ಒಂದಿಷ್ಟು ಹಿಡಿದಿಟ್ಟುಕೊಂಡು ನಿಧಾನವಾಗಿ ಬರೆಯುವುದಿಲ್ಲವೇ ಎಂದು ತಿಳಿದವರು ಕೇಳಬಹುದು. ಹೌದು, ಆದರೆ ಲಿನಕ್ಸ್ ಬದಲಾದ ಪುಟಗಳನ್ನು (ಮೆಮರಿಯ ಚಿಕ್ಕ ತುಣುಕುಗಳನ್ನು) ಪೂರ್ವನಿಯೋಜಿತವಾಗಿ ಸುಮಾರು 30 ಸೆಕೆಂಡುಗಳಾದ ಮೇಲೆ ಡಿಸ್ಕ್‌ಗೆ ಕಳುಹಿಸಿಬಿಡುತ್ತದೆ, ನಮ್ಮ ಫೈಲಿಗೆ ಮುಂದಿನ ಮೌಲ್ಯ ಬರುವುದು 300 ಸೆಕೆಂಡುಗಳ ನಂತರ. ಎರಡು ರೈಟ್‌ಗಳು ಒಂದಾಗುವ ಅವಕಾಶವೇ ಹುಟ್ಟುವುದಿಲ್ಲ. ಓದುವ ಕಡೆಯಂತೂ ಆಪರೇಟಿಂಗ್ ಸಿಸ್ಟಮ್‌ನ ಸಹಾಯಬುದ್ಧಿಯೇ ತೊಂದರೆ ಕೊಟ್ಟ ಇತಿಹಾಸವಿದೆ. ಫೈಲಿನ ಒಂದು ತುಣುಕು ಕೇಳಿದರೆ ಮುಂದಿನದೂ ಬೇಕಾಗಬಹುದೆಂದು ಊಹಿಸಿ ಲಿನಕ್ಸ್ 128 ಕಿಲೋಬೈಟ್‌ವರೆಗೂ ಮುಂಗಡವಾಗಿ ಓದಿಡುತ್ತದೆ. ನಮ್ಮ 96,000 ಫೈಲುಗಳಿಗೆ ನಿಜವಾಗಿ ಬೇಕಾದ ಎರಡೆರಡು ಪುಟಗಳು, ಪುಟಕ್ಕೆ 4 ಕಿಲೋಬೈಟ್‌ನಂತೆ, 750 ಮೆಗಾಬೈಟ್ ಮೆಮರಿಯಲ್ಲಿ ಹಿಡಿಯುತ್ತವೆ. ಮುಂಗಡ ಓದು ಸೇರಿದರೆ ಅದು 12 ಗಿಗಾಬೈಟ್ ಹತ್ತಿರ ಹೋಗಬಹುದು. ಆಗ ಬೇಕಾದ ಪುಟಗಳನ್ನು ಬೇಡದ ಪುಟಗಳು ಹೊರಗೆ ತಳ್ಳುತ್ತವೆ, ಬರೆಯುವ ಮುನ್ನ ಮತ್ತೆ ಓದಬೇಕಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಡೇವ್ ಪ್ಲೊಂಕಾ ಮತ್ತು ಸಂಗಡಿಗರು 2007ರಲ್ಲಿ ಸಿಸ್ಟಮ್ ನಿರ್ವಾಹಕರ ಲೀಸಾ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಇದನ್ನೇ ಬಯಲಿಗೆಳೆಯಿತು. ಮುಂಗಡವಾಗಿ ಓದಬೇಡ ಎಂದು ಪ್ರೋಗ್ರಾಮ್‌ನಿಂದಲೇ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ಗೆ ತಿಳಿಸುವ ಚಿಕ್ಕ ಮಾರ್ಪಾಡಿನಿಂದ ಅದೇ ಯಂತ್ರ ಎಷ್ಟೋ ಪಟ್ಟು ಹೆಚ್ಚು ಅಳತೆಯ ಗುರಿಗಳನ್ನು ನಿಭಾಯಿಸಬಲ್ಲದೆಂದು ಅವರು ತೋರಿಸಿದರು; ಆರ್‌ಆರ್‌ಡಿಟೂಲ್‌ನ 1.3ನೇ ಆವೃತ್ತಿಯಿಂದ ಈ ಕ್ರಮ ಅದರೊಳಗೇ ಸೇರಿದೆ. ಹೊಸ ಡಿಸ್ಕ್ ಒಂದನ್ನೂ ಕೊಳ್ಳದೆ ಸಿಕ್ಕ ಲಾಭ ಇದು ಎಂಬುದನ್ನು ಗಮನಿಸಬೇಕು.

ರೈಟ್‌ಗಳ ಕಡೆಯ ಉತ್ತರ 1.4ನೇ ಆವೃತ್ತಿಯೊಂದಿಗೆ ಆರ್‌ಆರ್‌ಡಿಕ್ಯಾಶ್‌ಡಿ ಎಂಬ ಹಿನ್ನೆಲೆ ಸೇವೆಯಾಗಿ ಬಂತು. ಅದು ಮೌಲ್ಯಗಳನ್ನು ಮೆಮರಿಯಲ್ಲಿ ಕೂಡಿಟ್ಟು, ಹೇಳಿದಷ್ಟು ಹೊತ್ತಿನ ನಂತರ ಫೈಲಿಗೆ ಒಟ್ಟಿಗೆ ಬರೆಯುತ್ತದೆ. ಅರ್ಧ ಗಂಟೆ ಕಾಯುವಂತೆ ಹೇಳಿದರೆ ಆರು ಮೌಲ್ಯಗಳು ಒಂದೇ ಭೇಟಿಯಲ್ಲಿ ಕೂರುತ್ತವೆ. ಸೆಕೆಂಡಿಗೆ 320 ಫೈಲು ತೆರೆಯುತ್ತಿದ್ದ ಸರ್ವರ್ ಆಗ 53ನ್ನು ತೆರೆದರೆ ಸಾಕು. ನಡುವೆ ವಿದ್ಯುತ್ ಹೋದರೆ ಮೌಲ್ಯಗಳು ಕಳೆಯಬಾರದೆಂದು ಬಂದದ್ದನ್ನೆಲ್ಲ ಒಂದು ಜರ್ನಲ್ ಫೈಲಿಗೆ ಸಾಲಾಗಿ ಬರೆದಿಡಬಹುದು, ಸಾಲಾಗಿ ಬರೆಯುವುದು ಡಿಸ್ಕ್‌ಗೆ ಅತಿ ಸುಲಭದ ಕೆಲಸ. ಯಾರಾದರೂ ಗ್ರಾಫ್ ಕೇಳಿದರೆ ಆ ಒಂದು ಫೈಲಿನ ಬಾಕಿಯನ್ನು ಮಾತ್ರ ತಕ್ಷಣ ಬರೆದು ತೋರಿಸಲಾಗುತ್ತದೆ. ಎಲ್ಲ ಫೈಲುಗಳೂ ಒಂದೇ ಗಳಿಗೆಯಲ್ಲಿ ನುಗ್ಗದಂತೆ ಬರೆಯುವ ಸಮಯವನ್ನು ಯಾದೃಚ್ಛಿಕವಾಗಿ ಚದುರಿಸುವ ಆಯ್ಕೆಯೂ ಅದರಲ್ಲಿದೆ. ಗ್ರಾಫೈಟ್ ಎಂಬ ಇನ್ನೊಂದು ಮಾನಿಟರಿಂಗ್ ವ್ಯವಸ್ಥೆಯಲ್ಲಿ ಮೌಲ್ಯಗಳನ್ನು ಬರೆಯುವ ಕಾರ್ಬನ್ ಎಂಬ ಭಾಗ ಕೂಡ ಇದೇ ಹಾದಿ ಹಿಡಿದಿದೆ. ಈ ಸೌಲಭ್ಯ ಇಷ್ಟು ವರ್ಷಗಳಿಂದ ಉಚಿತವಾಗಿ ಇದ್ದೂ, ಅದನ್ನು ಚಾಲೂ ಮಾಡದೆಯೇ ದೊಡ್ಡ ಸ್ಟೋರೇಜ್‌ಗೆ ಬೇಡಿಕೆ ಸಲ್ಲಿಸುವುದು ನನ್ನ ದೃಷ್ಟಿಯಲ್ಲಿ ಕ್ರಮ ತಪ್ಪಿದ ಕೆಲಸ.

ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎಂಬ ವಾದ ಅರ್ಧ ನಿಜ. ತಿರುಗುವ ತಟ್ಟೆಯಿಲ್ಲ, ಚಲಿಸುವ ತೋಳಿಲ್ಲ. ಎನ್‌ವಿಎಂಇ ಎಂಬ ವೇಗದ ಬಗೆಯ ಎಸ್‌ಎಸ್‌ಡಿ ಸಾಧನಗಳು ಸೆಕೆಂಡಿಗೆ ಲಕ್ಷಗಟ್ಟಲೆ ಚದುರಿದ ಕೆಲಸಗಳನ್ನು ಮಾಡುತ್ತವೆ. ಐದು ನಿಮಿಷದ ಅಂತರಕ್ಕೆ ತೃಪ್ತರಾಗಿರುವ ಬಹುತೇಕ ಸಂಸ್ಥೆಗಳಿಗೆ ಅಂಥದೊಂದು ಸಾಧನ ಸಮಸ್ಯೆಯನ್ನು ಮುಗಿಸಿಯೇಬಿಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅಂತರ ನಿಂತಲ್ಲೇ ನಿಂತಿಲ್ಲ. ಇಂದು ಉಪಕರಣಗಳು ನಾವು ಕೇಳುವ ಮೊದಲೇ ಸೆಕೆಂಡಿಗೊಮ್ಮೆ ಅಂಕಿಗಳನ್ನು ತಾವೇ ಕಳುಹಿಸುವ ಟೆಲಿಮೆಟ್ರಿ ಪದ್ಧತಿ ಬಂದಿದೆ. ಅದೇ 96,000 ಪೋರ್ಟ್‌ಗಳನ್ನು ಸೆಕೆಂಡಿಗೊಮ್ಮೆ ಹಳೆಯ ರೀತಿಯಲ್ಲೇ ಬರೆಯಹೊರಟರೆ 640 ಎಂಬುದು 1,92,000 ಆಗುತ್ತದೆ. ಒಳ್ಳೆಯ ಎನ್‌ವಿಎಂಇ ಕೂಡ ಬೆವರುತ್ತದೆ. ಸವೆತದ ಪ್ರಶ್ನೆ ಬೇರೆ. 64 ಬೈಟ್ ಬದಲಾಯಿಸಲು ಕನಿಷ್ಠ 4 ಕಿಲೋಬೈಟ್‌ನ ಪುಟ ಬರೆಯಬೇಕಾದ್ದರಿಂದ, ಐದು ನಿಮಿಷದ ಅಂತರದಲ್ಲೇ ನಮ್ಮ 640 ರೈಟ್‌ಗಳು ದಿನಕ್ಕೆ 220 ಗಿಗಾಬೈಟ್, ವರ್ಷಕ್ಕೆ 80 ಟೆರಾಬೈಟ್‌ನಷ್ಟು ಬರಹವಾಗುತ್ತವೆ. ಅದರಲ್ಲಿ ನಿಜವಾದ ಮಾಹಿತಿ ದಿನಕ್ಕೆ ಎರಡು ಗಿಗಾಬೈಟ್‌ಗಿಂತ ಕಡಿಮೆ. ಗೃಹಬಳಕೆಯ ಚಿಕ್ಕ ಎಸ್‌ಎಸ್‌ಡಿಗಳಿಗೆ ತಯಾರಕರು ಕೊಡುವ ಬರಹದ ಮಿತಿ ಹಲವು ಬಾರಿ ನೂರೈವತ್ತರಿಂದ ಕೆಲವು ನೂರು ಟೆರಾಬೈಟ್ ಮಾತ್ರ. ಡೇಟಾಬೇಸ್‌ನಲ್ಲಿ ಮಾಹಿತಿ ಇಡುವ ವ್ಯವಸ್ಥೆಗಳಿಗೆ ಇನ್ನೊಂದು ತೊಡಕಿದೆ: ಪ್ರತಿ ವಹಿವಾಟು ನಿಜವಾಗಿ ಡಿಸ್ಕ್ ತಲುಪಿತೆಂಬ ಖಾತರಿಯನ್ನು ಡೇಟಾಬೇಸ್ ಕೇಳುತ್ತದೆ, ವಿದ್ಯುತ್ ಹೋದಾಗ ರಕ್ಷಿಸುವ ಕೆಪಾಸಿಟರ್ ಇಲ್ಲದ ಅಗ್ಗದ ಎಸ್‌ಎಸ್‌ಡಿಗಳು ಈ ಖಾತರಿ ಕೊಡುವಾಗ ಜಾಹೀರಾತಿನ ವೇಗದ ಹತ್ತಿರಕ್ಕೂ ಬರುವುದಿಲ್ಲ.

ಡೇಟಾಬೇಸ್ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಝಬ್ಬಿಕ್ಸ್‌ನಂಥ ವ್ಯವಸ್ಥೆಗಳಲ್ಲಿ ಅನೇಕ ಸಲ ಡಿಸ್ಕನ್ನು ಹಿಂಡುವುದು ಹೊಸ ಮಾಹಿತಿಗಿಂತ ಹಳೆಯದನ್ನು ಅಳಿಸುವ ಹೌಸ್‌ಕೀಪರ್ ಕೆಲಸ. ಕೋಟಿಗಟ್ಟಲೆ ಸಾಲುಗಳನ್ನು ಒಂದೊಂದಾಗಿ ಅಳಿಸುವ ಬದಲು ಟೇಬಲ್ಲನ್ನು ದಿನಗಳ ಪ್ರಕಾರ ವಿಭಾಗಿಸಿ, ಅವಧಿ ಮುಗಿದ ವಿಭಾಗವನ್ನು ಇಡಿಯಾಗಿ ತೆಗೆದುಹಾಕಿದರೆ ಆ ಹೊರೆ ಬಹುಪಾಲು ಮಾಯವಾಗುತ್ತದೆ.

ವಿನ್ಯಾಸವನ್ನೇ ಬದಲಿಸಿದವರ ಫಲಿತಾಂಶ ಇನ್ನೂ ಗಮನಾರ್ಹ. ಫೇಸ್‌ಬುಕ್‌ನ ಎಂಜಿನಿಯರ್‌ಗಳು 2015ರಲ್ಲಿ ಪ್ರಕಟಿಸಿದ ಗೊರಿಲ್ಲಾ ಎಂಬ ವ್ಯವಸ್ಥೆ ಎರಡು ಸರಳ ಸಂಗತಿಗಳ ಮೇಲೆ ನಿಂತಿದೆ: ಅಳತೆಗಳು ಸಮಾನ ಅಂತರದಲ್ಲಿ ಬರುತ್ತವೆ, ಮತ್ತು ಹೊಸ ಮೌಲ್ಯ ಹಿಂದಿನದಕ್ಕೆ ಹೆಚ್ಚಾಗಿ ಹತ್ತಿರವೇ ಇರುತ್ತದೆ. ಅಂತರಗಳ ವ್ಯತ್ಯಾಸವನ್ನು ಮಾತ್ರ ಬರೆದುಕೊಂಡದ್ದರಿಂದ ಅವರ ದತ್ತಾಂಶದಲ್ಲಿ ಶೇ 96ರಷ್ಟು ಸಮಯಮುದ್ರೆಗಳು ಒಂದೇ ಬಿಟ್‌ಗೆ ಇಳಿದವು. ಸಮಯ ಮತ್ತು ಮೌಲ್ಯ ಸೇರಿ 16 ಬೈಟ್ ಬೇಕಿದ್ದ ಅಳತೆ ಸರಾಸರಿ 1.37 ಬೈಟ್ ಆಯಿತು. ಜನ ಕೇಳುವ ಪ್ರಶ್ನೆಗಳಲ್ಲಿ ಶೇ 85ರಷ್ಟು ಇತ್ತೀಚಿನ 26 ಗಂಟೆಗಳಿಗೆ ಸೇರಿದವು ಎಂದು ಕಂಡುಕೊಂಡು ಅಷ್ಟನ್ನೂ ಮೆಮರಿಯಲ್ಲೇ ಇಟ್ಟರು. 2017ರ ನವೆಂಬರ್‌ನಲ್ಲಿ ಬಂದ ಪ್ರೊಮೀಥಿಯಸ್ ಎಂಬ ಮಾನಿಟರಿಂಗ್ ವ್ಯವಸ್ಥೆಯ 2.0 ಆವೃತ್ತಿ ಇದೇ ಬಗೆಯ ಸಂಕೋಚನವನ್ನು ಬಳಸಿ, ಹಿಂದಿನ ಆವೃತ್ತಿಯಲ್ಲಿದ್ದ ಸರಣಿಗೊಂದು ಫೈಲ್ ಪದ್ಧತಿಯನ್ನು ಕೈಬಿಟ್ಟಿತು. ಬಂದ ಮೌಲ್ಯಗಳು ಮೊದಲು ಲಾಗ್‌ಗೆ ಸಾಲಾಗಿ ಹೋಗುತ್ತವೆ, ಮೆಮರಿಯಲ್ಲಿ ಕೂಡುತ್ತವೆ, ಎರಡೆರಡು ಗಂಟೆಗಳ ಬ್ಲಾಕ್‌ಗಳಾಗಿ ಒಟ್ಟಿಗೆ ಡಿಸ್ಕ್‌ಗೆ ಇಳಿಯುತ್ತವೆ. ನಮ್ಮ 96,000 ಪೋರ್ಟ್‌ಗಳ ಎಂಟೆಂಟು ಎಣಿಕೆಗಳು ಈ ಲೆಕ್ಕದಲ್ಲಿ, ಅಳತೆಗೆ ಎರಡು ಬೈಟ್ ಎಂದರೂ, ದಿನಕ್ಕೆ ಅರ್ಧ ಗಿಗಾಬೈಟ್ ದಾಟುವುದಿಲ್ಲ. ಇದಕ್ಕೆ ಬೆಲೆ ಇಲ್ಲದಿಲ್ಲ: ಮೆಮರಿ ಹೆಚ್ಚು ಬೇಕು, ಸರ್ವರ್ ಮರುಪ್ರಾರಂಭವಾದಾಗ ಲಾಗನ್ನು ಮತ್ತೆ ಓದಿ ಮುಗಿಸುವವರೆಗೆ ಕಾಯಬೇಕು, ದೊಡ್ಡ ಸ್ಥಾಪನೆಗಳಲ್ಲಿ ಆ ಕಾಯುವಿಕೆ ಹಲವು ನಿಮಿಷಗಳಾಗಬಹುದು.

ಹೊರೆ ಬೀಳುವ ಗಳಿಗೆಯೂ ಅಷ್ಟೇ ಮುಖ್ಯ. ನೆಟ್‌ವರ್ಕ್‌ನ ಒಂದು ಭಾಗ ಬಿದ್ದಾಗ ಸಾವಿರಾರು ಉಪಕರಣಗಳು ಏಕಕಾಲಕ್ಕೆ ದೋಷದ ಲಾಗ್ ಸಂದೇಶಗಳನ್ನು ಸುರಿಸುತ್ತವೆ, ಉತ್ತರ ಬಾರದ ಪ್ರಶ್ನೆಗಳನ್ನು ಪೋಲರ್ (ಎಣಿಕೆಗಳನ್ನು ಕೇಳಿ ಪಡೆಯುವ ಪ್ರೋಗ್ರಾಮ್) ಮತ್ತೆ ಮತ್ತೆ ಕೇಳುತ್ತದೆ, ಸೂಚನೆಗಳು ಡೇಟಾಬೇಸ್‌ಗೆ ನುಗ್ಗುತ್ತವೆ. ಅದೇ ಹೊತ್ತಿಗೆ ಎಂಜಿನಿಯರ್‌ನಿಂದ ಮೇಲಧಿಕಾರಿಯವರೆಗೆ ಎಲ್ಲರೂ ತಿಂಗಳ ಗ್ರಾಫ್‌ಗಳನ್ನು ತೆರೆಯುತ್ತಾರೆ. ಎಂದಿನ ದಿನ ಶೇ 90ರಷ್ಟು ದುಡಿಯುತ್ತಿದ್ದ ಡಿಸ್ಕ್ ಅವತ್ತೇ ಮಲಗುತ್ತದೆ. ಮಾನಿಟರಿಂಗ್ ಡೇಟಾವನ್ನು ಇತರ ವರ್ಚುವಲ್ ಯಂತ್ರಗಳೊಂದಿಗೆ ಹಂಚಿಕೊಂಡ ಸ್ಟೋರೇಜ್‌ನಲ್ಲಿ ಇಟ್ಟಿದ್ದರೆ ಪಕ್ಕದ ಯಂತ್ರದ ಬ್ಯಾಕಪ್‌ನಿಂದಲೂ ಇದೇ ಗತಿ. ಇದನ್ನು ಮೊದಲೇ ಹಿಡಿಯಲು ಡಿಸ್ಕ್‌ನ ಕೆಲಸವನ್ನು ಅಳೆಯುವ ಐಒಸ್ಟ್ಯಾಟ್ ಎಂಬ ಪ್ರೋಗ್ರಾಮ್ ತೋರಿಸುವ ಕಾಯುವ ಸಮಯವನ್ನು ನೋಡಬೇಕು. ಅದೇ ಸಾಲಿನಲ್ಲಿರುವ ಬಳಕೆಯ ಶೇಕಡಾವಾರು ಅಂಕಿ, ಒಂದೇ ಹೊತ್ತಿಗೆ ಹಲವು ಕೆಲಸ ಮಾಡಬಲ್ಲ ಎಸ್‌ಎಸ್‌ಡಿ ಮತ್ತು ರೇಡ್ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಬರೆಯಲು ಕಾಯುತ್ತಿರುವ ಮೌಲ್ಯಗಳ ಸರದಿ ಎಷ್ಟು ಉದ್ದವಾಗಿದೆ ಎಂಬುದಕ್ಕೂ ಒಂದು ಗ್ರಾಫ್ ಇರಬೇಕು, ಅದರ ಎಚ್ಚರಿಕೆ ಬೇರೊಂದು ಸರ್ವರ್‌ನಿಂದ ಹೊರಡಬೇಕು.

ಹಾಗಿರುವಾಗ ಖರೀದಿ ದಾಖಲೆಗಳಲ್ಲಿ ಟೆರಾಬೈಟ್ ಮಾತ್ರ ಬರೆದು ಐಒಪಿಎಸ್ (ಸೆಕೆಂಡಿಗೆ ಮಾಡಬಲ್ಲ ಓದು-ಬರಹದ ಕೆಲಸಗಳ ಸಂಖ್ಯೆ) ಎಂಬ ಜಾಗ ಖಾಲಿ ಬಿಡುವ ಪದ್ಧತಿಯನ್ನು ಪ್ರಶ್ನಿಸಲೇಬೇಕು. ಎಷ್ಟು ಪೋರ್ಟ್, ಎಷ್ಟು ಅಂತರ, ಸೆಕೆಂಡಿಗೆ ಎಷ್ಟು ರೈಟ್, ನೂರರಲ್ಲಿ ತೊಂಬತ್ತೊಂಬತ್ತು ರೈಟ್‌ಗಳು ಎಷ್ಟು ಮಿಲಿಸೆಕೆಂಡಿನೊಳಗೆ ಮುಗಿಯಬೇಕು ಎಂಬುದನ್ನು ಮಾರಾಟಗಾರರ ಮುಂದಿಟ್ಟು, ಪೂರ್ತಿ ಸಂಖ್ಯೆಯ ಫೈಲುಗಳೊಂದಿಗೆ, ಡಿಸ್ಕ್ ಕಂಟ್ರೋಲರ್‌ನ ಕ್ಯಾಶ್ (ತಾತ್ಕಾಲಿಕ ಮೆಮರಿ) ತುಂಬಿದ ನಂತರವೂ ಹಲವು ಗಂಟೆ ನಡೆಯುವ ಪರೀಕ್ಷೆಯನ್ನು ಕೇಳಬೇಕು. ಇಪ್ಪತ್ತು ಸ್ವಿಚ್‌ಗಳ ಸಣ್ಣ ನೆಟ್‌ವರ್ಕ್‌ಗೆ ಇದ್ಯಾವುದೂ ಬೇಡ. ಅಲ್ಲಿ ಯಾವ ಡಿಸ್ಕ್ ಆದರೂ ನಡೆಯುತ್ತದೆ. ದೊಡ್ಡ ಕಡೆ ಬ್ಯಾಕಪ್ಪನ್ನೂ ಪರೀಕ್ಷೆಯ ಹೊತ್ತಿನಲ್ಲಿ ಚಾಲೂ ಇಡುವುದು ಅಗತ್ಯ, ಏಕೆಂದರೆ ಪೋರ್ಟ್‌ಗೊಂದು ಫೈಲ್ ಇರುವ ವ್ಯವಸ್ಥೆಯಲ್ಲಿ ಪ್ರತಿಯೊಂದು ಫೈಲೂ ಐದು ನಿಮಿಷಕ್ಕೊಮ್ಮೆ ಬದಲಾಗುತ್ತಲೇ ಇರುತ್ತದೆ. ಬದಲಾದದ್ದನ್ನು ಮಾತ್ರ ನಕಲು ಮಾಡುವ ಬ್ಯಾಕಪ್ ಪ್ರತಿ ರಾತ್ರಿಯೂ 96,000 ಫೈಲುಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತದೆ, ಆ ಓದು ಸರದಿಯಲ್ಲಿರುವ ರೈಟ್‌ಗಳೊಂದಿಗೆ ಅದೇ ಡಿಸ್ಕ್‌ಗಾಗಿ ಸ್ಪರ್ಧಿಸುತ್ತದೆ.

ಇತಿ ತಮ್ಮ ವಿಶ್ವಾಸಿ,
ಓರ್ವ ನೆಟ್‌ವರ್ಕ್ ಎಂಜಿನಿಯರ್